ಕಾರಿನ ಹೊಟ್ಟೆಯಲ್ಲೊಂದು ಫ್ಲಾಸ್ಕ್

ನನ್ನ ಕಾರಿನೊಳಗೆ ಒಂದು ಫ್ಲಾಸ್ಕ್ ಇದೆ. ಯಾರೋ ಕಾಫಿ ಕುಡಿದು ಮರೆತುಹೋದದ್ದಲ್ಲ, ಕಂಪನಿಯವರೇ ಮುಂಭಾಗದ ಎಡ ಮೂಲೆಯಲ್ಲಿ, ಬಂಪರಿನ ಮರೆಗೆ ಬೋಲ್ಟು ಬಿಗಿದು ಕೂರಿಸಿದ್ದು. ಸುಮಾರು ಮೂರು ಲೀಟರು ಹಿಡಿಯುತ್ತದೆ. ಎರಡು ಪದರದ ಗೋಡೆ, ನಡುವೆ ನಿರ್ವಾತ. ಓಡಿ ಬಿಸಿಯಾದ ಎಂಜಿನ್ನಿನ ಕೂಲೆಂಟನ್ನು ತನ್ನೊಳಗೆ ಎಳೆದುಕೊಂಡು ಮೂರು ದಿನದವರೆಗೂ ಆರದ ಹಾಗೆ ಇಟ್ಟಿರುತ್ತದೆ. ಮಾರನೆಯ ಬೆಳಿಗ್ಗೆ ಎಂಜಿನ್ ಏಳುವ ಮೊದಲೇ ಒಂದು ಪುಟ್ಟ ಪಂಪು ಆ ಬಿಸಿಯನ್ನು ಅದರ ತಲೆಗೆ ಹೊಯ್ಯುತ್ತದೆ. ನಮ್ಮ ಮನೆಯಲ್ಲಿ ಇಂಥ ಉಪಚಾರ ಬೇರೆ ಯಾರಿಗೂ ಇಲ್ಲ. ನನ್ನ ಕಾಫಿಯನ್ನು ನಾನೇ ಮೈಕ್ರೋವೇವಿನಲ್ಲಿಟ್ಟು ಬಿಸಿ ಮಾಡಿಕೊಳ್ಳುತ್ತೇನೆ.

ಒಂದು ಎಂಜಿನ್ನಿಗೆ ಯಾಕೆ ಇಷ್ಟೊಂದು ಮುದ್ದು? ತಣ್ಣಗಿರುವ ಎಂಜಿನ್ ಮೊದಲ ಒಂದೆರಡು ನಿಮಿಷದಲ್ಲಿ ಉಗುಳುವ ಹೊಗೆಯೇ ಎಲ್ಲಕ್ಕಿಂತ ಕೊಳಕು. ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ, ಹೊಗೆಯನ್ನು ಶುಚಿ ಮಾಡಬೇಕಾದ ಕ್ಯಾಟಲಿಟಿಕ್ ಕನ್ವರ್ಟರಿಗೂ ಕಾವು ಏರಿರುವುದಿಲ್ಲ. ಕ್ಯಾಲಿಫೋರ್ನಿಯಾದ ವಾಯು ಮಂಡಳಿಯವರು ಹೊಗೆಯ ವಿಷಯದಲ್ಲಿ ಮಹಾ ಮಡಿವಂತರು. ಅವರ ಮೈಲಿಗೆ ಲೆಕ್ಕಕ್ಕೆ ಹೊಂದಿಕೊಳ್ಳಲು ಜಪಾನಿನವರು 2004ರಿಂದ 2009ರವರೆಗಿನ ಈ ಹೈಬ್ರಿಡ್ ಮಾದರಿಯಲ್ಲಿ, ಅದೂ ಉತ್ತರ ಅಮೆರಿಕದಲ್ಲಿ ಮಾರುವ ಕಾರುಗಳಿಗೆ ಮಾತ್ರ, ಫ್ಲಾಸ್ಕ್ ಇಟ್ಟರು. ನಾನಿರುವುದು ಅದೇ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಇಲ್ಲಿ ಚಳಿಗಾಲವೆಂದರೆ ಹಾಸನದ ಜನವರಿ ಬೆಳಗಿನಷ್ಟು. ಕಾರಿಗೆ ಅಷ್ಟಕ್ಕೂ ಬಿಸಿನೀರು ಬೇಕು.

ಈ ಫ್ಲಾಸ್ಕಿಗೆ ಕೂಲೆಂಟ್ ಯಾವಾಗ ಹೋಗಬೇಕು, ಯಾವಾಗ ಹೊರಗೆ ಬರಬೇಕು, ಯಾವಾಗ ಅದನ್ನು ಬಿಟ್ಟು ನೇರ ಹೀಟರಿಗೆ ಹರಿಯಬೇಕು ಎಂದು ದಾರಿ ತೋರಿಸುವುದು ಮೂರು ಬಾಯಿಯ ಒಂದು ವಾಲ್ವ್. ಅದರ ಕೆಳಗಿನ ಅರ್ಧದಲ್ಲಿ ನೀರು ಹರಿಯುವ ಕೊಳವೆಗಳು. ಮೇಲಿನ ಅರ್ಧದಲ್ಲಿ ಅದನ್ನು ತಿರುಗಿಸುವ ಮೋಟಾರು, ಜೊತೆಗೆ ವಾಲ್ವ್ ಈಗ ಎತ್ತ ಮುಖ ಮಾಡಿದೆಯೆಂದು ಕಂಪ್ಯೂಟರಿಗೆ ವರದಿ ಒಪ್ಪಿಸುವ ಸೆನ್ಸರ್. ಮೇಲಿನ ಅರ್ಧ, ಕೆಳಗಿನ ಅರ್ಧ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ವರ್ಷಗಟ್ಟಲೆ ತಿರುಗಿ ತಿರುಗಿ ಆ ಸೆನ್ಸರಿನ ಒಳಗಿನ ಸಂಪರ್ಕ ಸವೆಯುತ್ತದೆ. ಸವೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕಾರು ಓಡುತ್ತದೆ, ನಿಲ್ಲುತ್ತದೆ, ಮೈಲೇಜೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ, ಅಷ್ಟೆ. ನನ್ನದೂ ಹತ್ತಿತು. ಅಂಟಿಸಿದ್ದ ಗಣಪನನ್ನು ಕಿತ್ತು ಸ್ವಲ್ಪ ಬಲಕ್ಕೆ ಕೂರಿಸಿದೆ. ದೀಪ ಮರೆಯಾಯಿತು. ವಿಘ್ನೇಶ್ವರನಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇನ್ನೇನಿದೆ?

ಆದರೆ ಈ ರಾಜ್ಯದಲ್ಲಿ ಹಳೆಯ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ರಿಜಿಸ್ಟ್ರೇಷನ್ ನವೀಕರಣ ಇಲ್ಲ. ಹಿಂದೆಲ್ಲ ಹೊಗೆಕೊಳವೆಗೆ ಮೂಗು ಹಿಡಿದು ನೋಡುತ್ತಿದ್ದರಂತೆ. ಈಗ 2000ದಿಂದೀಚಿನ ಕಾರುಗಳಿಗೆ ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಒಂದು ವೈರು ಚುಚ್ಚಿ, ಕಾರಿನ ಕಂಪ್ಯೂಟರಿನ ಹತ್ತಿರ ನೇರವಾಗಿ ವಿಚಾರಿಸುತ್ತಾರೆ. ಕಂಪ್ಯೂಟರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ದೀಪ ಹತ್ತಿದ್ದರೆ ಫೇಲು, ಹೊಗೆ ಎಷ್ಟೇ ಪರಿಶುದ್ಧವಾಗಿರಲಿ. ಅಲ್ಲಿ ಗಣಪನೂ ಅಡ್ಡ ಬರುವುದಿಲ್ಲ.

ಸರ್ವಿಸ್ ಸೆಂಟರಿನವರು ರಿಪೇರಿಗೆ ಹೇಳಿದ ಮೊತ್ತ ಕಾರಿನ ಈಗಿನ ಬೆಲೆಗೆ ಬಹಳ ಹತ್ತಿರದ ನೆಂಟನಾಗಿತ್ತು. ನಾನು ಆ ಚೀಟಿಯನ್ನು ಊಟದ ಮೇಜಿನ ಮೇಲಿಟ್ಟು, "ನಾನೇ ಮಾಡ್ತೀನಿ" ಅಂದೆ.

ಇದನ್ನು ಯಾವತ್ತು ಬೇಕಾದರೂ ಅನ್ನಬಹುದಿತ್ತು. ಮಾವನವರು ಎದುರಿಗೆ ಕೂತು ಮುದ್ದೆ ಮುರಿಯುತ್ತಿದ್ದ ಹೊತ್ತಿನಲ್ಲಿ ಅನ್ನಬಾರದಿತ್ತು.

ಮಾವನವರು ಕೆಎಸ್‌ಆರ್‌ಟಿಸಿಯಲ್ಲಿ ಮೆಕ್ಯಾನಿಕ್ಕಾಗಿ ಸೇರಿ, ಹಾಸನದ ಕಡೆಯ ಡಿಪೋಗಳಲ್ಲೇ ಸವೆದು, ಸೂಪರ್‌ವೈಸರಾಗಿ ನಿವೃತ್ತರಾದವರು. ಆರು ತಿಂಗಳ ವೀಸಾದ ಮೇಲೆ ಅತ್ತೆಯವರ ಜೊತೆ ಮಗಳ ಮನೆಗೆ ಬಂದಿದ್ದರು. ಅವರು ಮಗಳನ್ನು ನನಗೆ ಕೊಟ್ಟದ್ದರ ಹಿಂದೆ ಒಂದು ತಪ್ಪು ತಿಳಿವಳಿಕೆ ಇತ್ತು. ನನ್ನ ಜಾತಕದ ಜೊತೆ ಹೋದ ಬಯೋಡೇಟಾದಲ್ಲಿ "ಬಿ.ಇ. ಮೆಕ್ಯಾನಿಕಲ್" ಎಂದಿತ್ತು. ಸಾಫ್ಟ್‌ವೇರ್ ಹುಡುಗರ ಜಾತಕಗಳನ್ನು ಬದಿಗೆ ಸರಿಸಿ, "ಇವನು ನಮ್ಮ ಪೈಕಿ" ಎಂದು ನನ್ನದನ್ನು ಎತ್ತಿಕೊಂಡರಂತೆ. ನಾನೋ, ಬರ್ನೌಲಿಯ ಸಮೀಕರಣವನ್ನು ಪರೀಕ್ಷೆಯ ಹಾಲಿನಲ್ಲೇ ಬಿಟ್ಟು ಬಂದು, ಮಾರನೆಯ ತಿಂಗಳೇ ಬ್ಯಾಂಕುಗಳಿಗೆ ಪ್ರೋಗ್ರಾಂ ಬರೆಯಲು ಕೂತವನು. ಸ್ಪ್ಯಾನರು ಹಿಡಿದದ್ದು ಕಾಲೇಜಿನ ವರ್ಕ್‌ಶಾಪಿನಲ್ಲೇ ಕೊನೆ, ಅದೂ ಗ್ರೂಪ್ ಫೋಟೋಗೆ.

"ಮಾಡಿ, ಮಾಡಿ" ಅಂದರು ಮಾವ. ಕಣ್ಣಲ್ಲಿ ನೀರು ಬಂದಿತ್ತು. ಬಸ್ಸಾರಿನ ಖಾರಕ್ಕೂ ಇರಬಹುದು. "ನೀವು ಕೈಗೆ ಎಣ್ಣೆ ಮಾಡ್ಕೊಂಡಿದ್ದು ನಾನು ಈವರೆಗೂ ನೋಡೇ ಇಲ್ಲ."

ಮೊದಲು ರೋಗ ಯಾವುದೆಂದು ಖಚಿತವಾಗಬೇಕಲ್ಲ. ಅಗ್ಗದ ಸ್ಕ್ಯಾನರೊಂದನ್ನು ತರಿಸಿ ಚುಚ್ಚಿದೆ. ಪಿ 1121 ಎಂದು ತೋರಿಸಿ, ಆಕ್ಸಿಲರೇಟರ್ ಪೆಡಲಿನ ಸೆನ್ಸರ್ ಕೆಟ್ಟಿದೆ ಎಂದು ವಿವರಿಸಿತು. ಒಂದು ಸಂಜೆಯಿಡೀ ನನ್ನಾಕೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಒತ್ತು, ಬಿಡು, ಒತ್ತು, ಬಿಡು ಎಂದು ಪೆಡಲ್ ಒತ್ತಿಸಿದೆ. "ನನಗೆ ಕಾರು ಓಡಿಸೋಕ್ಕೆ ಬರುತ್ತೆ ರೀ, ಹೊಲಿಗೆ ಕ್ಲಾಸಿಗೆ ಸೇರಿಸಿದ್ದೀರೇನು?" ಅಂದಳು. ಆಮೇಲೆ ಓದಿ ತಿಳಿದದ್ದು: ಪಿ ಸೊನ್ನೆಯಿಂದ ಶುರುವಾಗುವ ಕೋಡುಗಳು ಎಲ್ಲ ಕಂಪನಿಗೂ ಒಂದೇ, ಪಿ ಒಂದರಿಂದ ಶುರುವಾದರೆ ಒಂದೊಂದು ಕಂಪನಿಯದು ಒಂದೊಂದು ಅರ್ಥ. ಸ್ಕ್ಯಾನರು ಯಾರದೋ ಮನೆಯ ಕಾಯಿಲೆಯನ್ನು ನಮ್ಮ ಮನೆಗೆ ಓದಿ ಹೇಳಿತ್ತು. ನಮ್ಮ ಕಾರಿನ ಪಂಚಾಂಗದಲ್ಲಿ 1121 ಎಂದರೆ ಕೂಲೆಂಟ್ ವಾಲ್ವಿನ ಸೆನ್ಸರು.

ಹೊಸ ವಾಲ್ವ್ ಅಂಚೆಯಲ್ಲಿ ಬಂತು. ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ವಸ್ತು. ಮಾವನವರು ಅದನ್ನು ಕೈಗೆತ್ತಿಕೊಂಡು ತೂಗಿದರು, ತಿರುಗಿಸಿದರು, ಮೇಲೆ ಕೆಳಗೆ ನೋಡಿ, ಹೆಬ್ಬೆರಳಿನ ಉಗುರಿನಿಂದ ಒಂದು ಕಡೆ ಕೆರೆದು, "ಹೂಂ" ಎಂದು ಕೆಳಗಿಟ್ಟರು. ಆ "ಹೂಂ"ನ ಅರ್ಥ ನಾನು ಆಗಲೇ ಕೇಳಿದ್ದರೆ ಈ ಲೇಖನ ಇಷ್ಟು ಉದ್ದ ಇರುತ್ತಿರಲಿಲ್ಲ.

ನಮ್ಮ ಬಡಾವಣೆಯ ಮನೆಮಾಲೀಕರ ಸಂಘದ ನಿಯಮಗಳಲ್ಲಿ ಮನೆಮುಂದೆ ವಾಹನ ಬಿಚ್ಚಿ ಹಾಕುವಂತಿಲ್ಲ ಎಂದಿದೆ. ಹಾಗಾಗಿ ಗ್ಯಾರೇಜಿನೊಳಗೆ ಅರ್ಧ ಬಾಗಿಲು ಎಳೆದುಕೊಂಡು ಕಳ್ಳಬಟ್ಟಿಯವರ ಗುಟ್ಟಿನಲ್ಲಿ ಕೆಲಸ ಶುರುವಾಯಿತು. ಮಾವ ಒಂದು ಮಡಚುವ ಕುರ್ಚಿ ತಂದು ಹಾಕಿಕೊಂಡು, ಕಾಫಿ ಲೋಟ ಹಿಡಿದು ಕೂತರು. ಅವರ ಎದುರಿಗೆ ಬಂಪರು. ಬಂಪರಿನ ಮೇಲೆ ಬಿಸಿಲಿಗೆ ಬೆಳ್ಳಗಾದ ಹಳದಿ ಸ್ಟಿಕ್ಕರು. ಒಂದು ಕಾಲಕ್ಕೆ ಆ ಸ್ಟಿಕ್ಕರಿಗೆ ಬಹಳ ಮರ್ಯಾದೆ ಇತ್ತು. ಹೈಬ್ರಿಡ್ ಕೊಂಡವರಿಗೆ ರಾಜ್ಯ ಸರ್ಕಾರ 85,000 ಸ್ಟಿಕ್ಕರು ಹಂಚಿತ್ತು. ಅದಿದ್ದರೆ ಒಬ್ಬನೇ ಕೂತಿದ್ದರೂ ಇಬ್ಬರು ಮೂವರು ಕೂತು ಹೋಗುವವರ ಲೇನಿನಲ್ಲಿ ಜುಮ್ಮನೆ ನುಗ್ಗಬಹುದಿತ್ತು. 2011ರ ಜುಲೈ 1ಕ್ಕೆ ಆ ವೈಭವ ಮುಗಿಯಿತು. ನಾನು ಸೆಕೆಂಡ್‌ ಹ್ಯಾಂಡಾಗಿ ಕೊಂಡದ್ದು ಅದಾದ ಮೇಲೆ, ಆದರೂ ಸ್ಟಿಕ್ಕರಿಗೆ ಸೇರಿಸಿ ದುಡ್ಡು ಕೊಟ್ಟಿದ್ದೆ.

ಹೈಬ್ರಿಡ್ ಕಾರನ್ನು ಮುಟ್ಟುವ ಮೊದಲು ಒಂದು ಭಯವಿರಬೇಕು. ಹಿಂದಿನ ಸೀಟಿನ ಬೆನ್ನಿಗೆ ಸುಮಾರು 200 ವೋಲ್ಟಿನ ದೊಡ್ಡ ಬ್ಯಾಟರಿ. ಅದನ್ನು ಇನ್ವರ್ಟರು 500ರವರೆಗೂ ಏರಿಸುತ್ತದೆ. ಆ ವಿದ್ಯುತ್ತು ಹರಿಯುವ ತಂತಿಗಳಿಗೆಲ್ಲ ಕಿತ್ತಳೆ ಬಣ್ಣ. ಕಿತ್ತಳೆ ಕಂಡರೆ ಕೈ ಹಿಂದಕ್ಕೆ, ಇದೊಂದು ನಿಯಮವನ್ನು ನಾನು ಕೊನೆಯವರೆಗೂ ಪಾಲಿಸಿದೆ. ಇನ್ನೊಂದು ನಿಯಮ, ಫ್ಲಾಸ್ಕಿನ ಪಂಪು ತನ್ನಷ್ಟಕ್ಕೆ ತಾನು ಚಾಲೂ ಆಗಿ ಬಿಸಿ ಕೂಲೆಂಟ್ ಮುಖಕ್ಕೆ ಚಿಮ್ಮಬಹುದು. ಎಂಜಿನ್ ತಣ್ಣಗಿದ್ದರೂ ಫ್ಲಾಸ್ಕಿನೊಳಗಿನದು ಸುಡುತ್ತಿರುತ್ತದೆ. ಅದಕ್ಕೆ ಪಂಪಿನ ಕನೆಕ್ಟರು ಕಳಚಬೇಕು. ನಾನು ಇನ್ನೂ ಜಾಣನಾಗಿ ಕಾರಿನ 12 ವೋಲ್ಟಿನ ಮಾಮೂಲಿ ಬ್ಯಾಟರಿಯನ್ನೇ ಕಳಚಿಬಿಟ್ಟೆ. ಕಾರಿನ ಸಮಸ್ತ ವಿದ್ಯುತ್ತೂ ನಿಂತಿತು. ನೆಮ್ಮದಿಯಿಂದ ಡಿಕ್ಕಿಯ ಬಾಗಿಲು ಎಳೆದು ಹಾಕಿದೆ.

ಆ 12 ವೋಲ್ಟಿನ ಬ್ಯಾಟರಿ ಇರುವುದು ಡಿಕ್ಕಿಯೊಳಗೆ. ಡಿಕ್ಕಿಯ ಬಾಗಿಲು ತೆರೆಯುವುದು ವಿದ್ಯುತ್ತಿನಿಂದ. ಸ್ಪ್ಯಾನರುಗಳ ಡಬ್ಬ ಇದ್ದದ್ದೂ ಡಿಕ್ಕಿಯಲ್ಲೇ.

ಮಾವನವರು ಕಾಫಿ ಒಂದು ಗುಟುಕು ಕುಡಿದರು.

ಕೀಲಿಯ ಹೊಟ್ಟೆಯಿಂದ ಸಣ್ಣ ಲೋಹದ ಕೀಲಿ ಹೊರಗೆಳೆದು ಡ್ರೈವರ್ ಬಾಗಿಲು ತೆರೆದದ್ದಾಯಿತು. ಹಿಂದಿನ ಸೀಟು ಮಡಚಿ, ತಲೆ ಮೊದಲಾಗಿ ತೆವಳಿ ಡಿಕ್ಕಿಗೆ ಇಳಿದೆ. ಕ್ಯಾಲಿಫೋರ್ನಿಯಾದ ಹತ್ತಾರು ವರ್ಷಗಳ ಊಟ ನನ್ನ ಸೊಂಟದ ಸುತ್ತ ಶೇಖರವಾಗಿರುವುದರಿಂದ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡೆ. ಡಿಕ್ಕಿ ಬಾಗಿಲಿನ ಒಳಮೈಯಲ್ಲಿ ಎಲ್ಲೋ ತುರ್ತು ಲಿವರು ಇರುತ್ತದೆಯಂತೆ. ಕತ್ತಲಲ್ಲಿ ತಡಕುತ್ತಿದ್ದಾಗ ಹೊರಗೆ ಮಗಳ ಧ್ವನಿ ಕೇಳಿಸಿತು.

"ತಾತ, ಅಪ್ಪ ಎಲ್ಲಿ?"

"ಡಿಕ್ಕಿಯಲ್ಲಿದ್ದಾರೆ ಪುಟ್ಟಿ."

"ಯಾಕೆ?"

"ಹೋದರು."

ಇಂಥ ಸಂಕ್ಷಿಪ್ತ ಉತ್ತರ ಕೊಡುವ ಮನುಷ್ಯನಿಗೆ ಡಿಪೋದಲ್ಲಿ ಯಾವ ಡ್ರೈವರೂ ಎದುರು ಮಾತಾಡಿರಲಿಕ್ಕಿಲ್ಲ.

ಮುಂದಿನ ಹಂತ ಕೂಲೆಂಟ್ ಬಸಿಯುವುದು. ಕಾರಿನ ತಳದ ಪ್ಲಾಸ್ಟಿಕ್ ತಟ್ಟೆಯನ್ನೂ ಎಡ ಚಕ್ರದ ಒಳಹೊದಿಕೆಯನ್ನೂ ತೆಗೆಯಬೇಕು. ಅವುಗಳನ್ನು ಹಿಡಿದಿರುವುದು ಒಂದು ರಾಶಿ ಪ್ಲಾಸ್ಟಿಕ್ ಕ್ಲಿಪ್ಪುಗಳು. ನಡುವಿನ ಗುಬಟನ್ನು ಮೆಲ್ಲಗೆ ಮೀಟಿದರೆ ಕ್ಲಿಪ್ಪು ತಾನೇ ಈಚೆ ಬರುತ್ತದೆ ಎಂದು ಪುಸ್ತಕ ಹೇಳುತ್ತದೆ. ಈಚೆ ಬಂದವು ನಿಜ, ಎರಡೆರಡು ತುಂಡಾಗಿ ಬಂದವು. ಕೂಲೆಂಟ್ ಹಿಡಿಯಲು ಅಗಲವಾದ ಪಾತ್ರೆ ಬೇಕೆಂದು ಆಗ ಹೊಳೆಯಿತು. ಅದಕ್ಕೆಂದೇ ಅಂಗಡಿಯಲ್ಲಿ ಕಪ್ಪು ತಟ್ಟೆಗಳು ಸಿಗುತ್ತವೆ. ನಾನು ಅಡುಗೆಮನೆಗೆ ಹೋಗಿ, ಸಿಂಕಿನ ಕೆಳಗಿನ ಕಪಾಟಿನಿಂದ ಮುಚ್ಚಳವಿರುವ ದೊಡ್ಡ ಸ್ಟೀಲ್ ಡಬರಿಯೊಂದನ್ನು ಸದ್ದಿಲ್ಲದೆ ಎತ್ತಿಕೊಂಡು ಬಂದೆ.

ರೇಡಿಯೇಟರಿನ ಕೆಳಗಿನ ತಿರುಪು ಸಡಿಲಿಸಿದೆ. ಬಂತು ನೋಡಿ, ಗುಲಾಬಿ ಬಣ್ಣದ ಧಾರೆ. ನೋಡಲು ಚೆಂದ, ರುಚಿಯೂ ಸಿಹಿಯಂತೆ, ಆದರೆ ಎಥಿಲೀನ್ ಗ್ಲೈಕಾಲ್. ಕುಡಿದರೆ ಮೂತ್ರಪಿಂಡ ಹೋಗುತ್ತದೆ. ಸಿಹಿಗೆ ಮರುಳಾಗಿ ನಾಯಿಗಳೂ ಮಕ್ಕಳೂ ನೆಕ್ಕಬಾರದೆಂದು ಅಂಗಡಿಯಲ್ಲಿ ಮಾರುವ ಕೂಲೆಂಟಿಗೆ ಕಹಿ ಬೆರೆಸಬೇಕೆಂಬ ಕಾನೂನೇ ಈ ರಾಜ್ಯದಲ್ಲಿದೆ. ಈ ಜ್ಞಾನವನ್ನೆಲ್ಲ ಮಾವನವರಿಗೆ ಇಂಗ್ಲಿಷ್ ಬೆರೆಸಿ ವಿವರಿಸುತ್ತ, ಎರಡನೆಯ ತಿರುಪಿಗೆ ಕೈ ಹಾಕಿದೆ. ಕೂಲೆಂಟಿಗೆ ಬಸಿಯುವ ಜಾಗಗಳು ಮೂರು: ರೇಡಿಯೇಟರಿಗೊಂದು, ಎಂಜಿನ್ನಿಗೊಂದು, ಫ್ಲಾಸ್ಕಿಗೊಂದು. ಇನ್ವರ್ಟರಿಗೆ ಇದ್ಯಾವುದೂ ಸಂಬಂಧವಿಲ್ಲ. ಅದಕ್ಕೆ ಬೇರೆಯೇ ಕೊಳವೆ, ಬೇರೆಯೇ ಪಂಪು, ಬೇರೆಯೇ ಡಬ್ಬಿ. ಬಣ್ಣ ಮಾತ್ರ ಅದೇ ಗುಲಾಬಿ.

ನಾನು ಬಿಚ್ಚಿದ್ದು ಇನ್ವರ್ಟರಿನದು ಎಂದು ಗೊತ್ತಾಗುವಷ್ಟರಲ್ಲಿ ಅದರ ಡಬ್ಬಿ ಖಾಲಿಯಾಗಿತ್ತು. ಈಗ ಕಾರಿನಲ್ಲಿ ಎಲ್ಲೂ ಏನೂ ಉಳಿದಿರಲಿಲ್ಲ. ಏಕಾದಶಿ.

"ಶಿರಾಡಿ ಘಾಟಿಯಲ್ಲಿ ಬಸ್ಸು ಕುದ್ದರೆ ಕೆಂಪುಹೊಳೆಯಿಂದ ಎರಡು ಕೊಡ ನೀರು ತಂದು ಹುಯ್ತಿದ್ವು" ಅಂದರು ಮಾವ. "ಅಷ್ಟೇ ಬಸ್ಸಿಗೆ ಗೊತ್ತಿದ್ದದ್ದು."

ಅಷ್ಟರಲ್ಲಿ ನನ್ನಾಕೆ ಗ್ಯಾರೇಜಿಗೆ ಬಂದಳು. ಅವಳು ಕಾರು ನೋಡಲಿಲ್ಲ. ನೋಡಿದ್ದು ಡಬರಿಯನ್ನು. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು, ತವರಿನ ಇನಿಶಿಯಲ್ಲು, ನಮ್ಮ ಮದುವೆಯ ತಾರೀಖು. ಹಾಸನದ ಪಾತ್ರೆ ಅಂಗಡಿಯಲ್ಲಿ ಮಾವನವರೇ ಮುಂದೆ ನಿಂತು ಕೊರೆಸಿದ್ದು. ಅದರೊಳಗೆ ವಿಷ ತುಂಬಿ ನಿಂತಿತ್ತು.

"ಇದರಲ್ಲಿ ಇನ್ನು ಬಿಸಿಬೇಳೆಬಾತ್ ಮಾಡೋ ಹಾಗಿಲ್ಲ, ಅಲ್ವಾ?" ಎಂದು ಬಹಳ ಮೆತ್ತಗೆ ಕೇಳಿದಳು. ಅವಳು ಮೆತ್ತಗೆ ಕೇಳಿದ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಡಬರಿಯ ಮುಂದಿನ ಕಥೆ ಈಗಲೇ ಹೇಳಿಬಿಡುತ್ತೇನೆ. ಹಳೆಯ ಕೂಲೆಂಟನ್ನು ಚರಂಡಿಗೆ ಸುರಿಯುವಂತಿಲ್ಲ, ಕೌಂಟಿಯವರ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಬೇಕು. ಮುಚ್ಚಳಕ್ಕೆ ಟೇಪು ಸುತ್ತಿ, ಮಡಿಲಲ್ಲಿಟ್ಟುಕೊಂಡು, ಗೆಳೆಯನ ಕಾರಿನಲ್ಲಿ ಒಯ್ದೆ. ಅಲ್ಲಿ ಕೈಗವಸಿನವನೊಬ್ಬ ಡಬರಿಯನ್ನು ಹಾಗೆಯೇ ಎತ್ತಿಕೊಂಡು ಒಳಗೆ ನಡೆದ. ತಂದ ಪಾತ್ರೆ ವಾಪಸ್ ಕೊಡುವ ಪದ್ಧತಿ ಅವರಲ್ಲಿಲ್ಲ. ನನ್ನ ಮದುವೆಯ ತಾರೀಖು ಈಗ ಕ್ಯಾಲಿಫೋರ್ನಿಯಾದಲ್ಲಿ ಅಧಿಕೃತವಾಗಿ ಅಪಾಯಕಾರಿ ತ್ಯಾಜ್ಯ.

ವಾಲ್ವಿನ ವಿಷಯಕ್ಕೆ ಬರೋಣ. ಅದು ಇರುವ ಜಾಗಕ್ಕೆ ಒಂದು ಕೈ ಹೋಗುತ್ತದೆ, ಅಥವಾ ಒಂದು ಕಣ್ಣು ಹೋಗುತ್ತದೆ; ಎರಡೂ ಒಟ್ಟಿಗೆ ಹೋಗುವುದಿಲ್ಲ. ಮೂರು ರಬ್ಬರ್ ಹೋಸುಗಳನ್ನು ಹಿಡಿದಿರುವ ಸ್ಪ್ರಿಂಗ್ ಕ್ಲಾಂಪುಗಳ ಕಿವಿಗಳನ್ನು ಕಟಿಂಗ್ ಪ್ಲೇಯರಿನಲ್ಲಿ ಒತ್ತಿ ಹಿಂದಕ್ಕೆ ಸರಿಸಬೇಕು. ಕಿವಿಗಳು ಯಾವಾಗಲೂ ಆಚೆ ಮಗ್ಗುಲಿಗೆ ಮುಖ ಮಾಡಿರುತ್ತವೆ. ಹದಿನೈದು ಹದಿನಾರು ವರ್ಷ ಒಂದೇ ಕಡೆ ಕಚ್ಚಿಕೊಂಡಿದ್ದ ಹೋಸು ಸುಲಭಕ್ಕೆ ಬಿಡುವುದಿಲ್ಲ. ಎಳೆದೆ, ತಿರುಚಿದೆ, ಬೈದೆ, ಬಿಟ್ಟಾಗ ಉಳಿದಿದ್ದ ಕೂಲೆಂಟೆಲ್ಲ ತೋಳಿನೊಳಗೆ ಹರಿದು ಕಂಕುಳು ಸೇರಿತು. ಹತ್ತು ಎಂಎಂ ಬೋಲ್ಟೊಂದು ಕೈ ಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಟಣ್ ಎಂದಿತು, ಆಮೇಲೆ ಇನ್ನೊಂದು ಟಣ್, ಆಮೇಲೆ ಸದ್ದಿಲ್ಲ. ನೆಲಕ್ಕೆ ಬಿದ್ದಿದ್ದರೆ ಮೂರನೆಯ ಟಣ್ ಬರಬೇಕಿತ್ತು.

ಕತ್ತಲಾಗುವ ಹೊತ್ತಿಗೆ ಹಳೆಯ ವಾಲ್ವ್ ನನ್ನ ಅಂಗೈಯಲ್ಲಿತ್ತು. ಗೆದ್ದ ಖುಷಿಯಲ್ಲಿ ದೀಪದ ಕೆಳಗೆ ಹಿಡಿದು ನೋಡಿದೆ. ಕಪ್ಪು ದೇಹದ ನಡುಮಧ್ಯೆ ಒಂದು ಗೆರೆ. ಗೆರೆಯ ಮೇಲೆ ಮೂರು ಸ್ಕ್ರೂ. ಆ ಮೂರನ್ನು ಬಿಚ್ಚಿದರೆ ಮೇಲಿನ ಅರ್ಧ, ಅಂದರೆ ಮೋಟಾರು, ಸೆನ್ಸರು, ಪಿ 1121, ಎಲ್ಲ ಪ್ರತ್ಯೇಕವಾಗಿ ಕೈಗೆ ಬರುತ್ತದೆ. ಹೊಸದರಿಂದಲೂ ಮೇಲಿನ ಅರ್ಧ ಬಿಚ್ಚಿ ಹಳೆಯ ಕೆಳಗಿನ ಅರ್ಧದ ಮೇಲೆ ಕೂರಿಸಿದರೆ ಮುಗಿಯಿತು. ಕೂಲೆಂಟ್ ಒಂದು ಹನಿ ಬಸಿಯಬೇಕಾಗಿಲ್ಲ. ಒಂದು ಹೋಸು ಮುಟ್ಟಬೇಕಾಗಿಲ್ಲ.

ನಾನು ಮಾವನವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಮಾವ, ಇಲ್ಲಿ ಮೂರು ಸ್ಕ್ರೂ ಇದಾವೆ."

"ಹೂಂ. ಅಂಚೆಯಲ್ಲಿ ಬಂದ ದಿನವೇ ನೋಡಿದೆ."

"ಹೇಳಬಾರದಿತ್ತೇ?"

ಅವರು ಲೋಟ ಕೆಳಗಿಟ್ಟು, ನಿಜವಾಗಿಯೂ ಸಂಕೋಚದಿಂದ, "ನೀವು ಓದಿದೋರು ಅಳಿಯಂದ್ರೇ. ಬಸಿಯೋಕ್ಕೆ ಏನೋ ಕಾರಣ ಇರಬೇಕು ಅನ್ಕೊಂಡೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲದೆ ಅಳಿಯನ ಕೆಲಸದಲ್ಲಿ ಮಾವ ಬಾಯಿ ಹಾಕಬಾರದು, ಅದೂ ಮಗಳ ಮನೆಯಲ್ಲಿ ಊಟ ಮಾಡ್ಕೊಂಡು" ಅಂದರು.

ಇಡೀ ದಿನ ಆ ಮನುಷ್ಯ ಮರ್ಯಾದೆ ಕೊಡುತ್ತಿದ್ದರು. ಅಷ್ಟೊಂದು ಮರ್ಯಾದೆಯ ಬಿಲ್ಲು ಸರ್ವಿಸ್ ಸೆಂಟರಿನದಕ್ಕಿಂತ ಬಹಳ ಕಡಿಮೆಯೇನೂ ಆಗಲಿಲ್ಲ.

ಮರುದಿನದಿಂದ ಪಾತ್ರಗಳು ಬದಲಾದವು. ನಾನು ಟಾರ್ಚು ಹಿಡಿದೆ, ಅವರು ಪಂಚೆ ಎತ್ತಿ ಕಟ್ಟಿ ಕಾರಿನ ಕೆಳಗೆ ಹೋದರು. ಸಂದಿಯಲ್ಲಿ ಕೂತಿದ್ದ ಬೋಲ್ಟನ್ನು ನನ್ನ ಮಗಳ ಆಟದ ಆಯಸ್ಕಾಂತ ದಾರಕ್ಕೆ ಕಟ್ಟಿ ಎತ್ತಿದರು. ಹೋಸುಗಳಿಗೆ ಒಳಮೈಯಲ್ಲಿ ಒಂದಿಷ್ಟು ಹೊಸ ಕೂಲೆಂಟ್ ಸವರಿದರೆ ಸಲೀಸಾಗಿ ಕೂರುತ್ತವೆ ಎಂದು ತೋರಿಸಿಕೊಟ್ಟರು. ನಾನು ಮುಟ್ಟಿದ್ದಕ್ಕೆಲ್ಲ "ಅದನ್ನ ಬಿಡಿ" ಅಂದರು. ಮಗಳ ಮನೆಯ ಸಂಕೋಚ ಒಂದು ರಾತ್ರಿಯಲ್ಲಿ ಪೂರಾ ಹೋಗಿತ್ತು.

ತುಂಬುವುದು ಬಸಿಯುವುದಕ್ಕಿಂತ ತ್ರಾಸು. ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಎಂಜಿನ್ ಕಾಯುತ್ತದೆ. ಗಾಳಿ ಹೊರಡಿಸಲು ಎಂಜಿನ್ ಬಿಡದೆ ಓಡಬೇಕು. ಹೈಬ್ರಿಡ್ಡಿನ ಎಂಜಿನ್ನೋ, ಕೆಲಸವಿಲ್ಲ ಎನಿಸಿದ ತಕ್ಷಣ ತಾನೇ ಆಫಾಗುತ್ತದೆ; ಸರ್ಕಾರಿ ಕಚೇರಿಗೆ ಇದನ್ನು ಹೇಳಿಕೊಟ್ಟವರು ಯಾರೋ. ಅದನ್ನು ನಿಲ್ಲಿಸದೆ ಓಡಿಸಲು ಮೆಕ್ಯಾನಿಕ್ಕುಗಳಿಗೆ ಮಾತ್ರ ಗೊತ್ತಿರುವ ಒಂದು ವಿಧಿ ಇದೆ. ಕಾರು ಆನ್ ಮಾಡಿ, ಪಾರ್ಕಿನಲ್ಲಿಟ್ಟು ಆಕ್ಸಿಲರೇಟರನ್ನು ಎರಡು ಸಲ ಪೂರ್ತಿ ಒತ್ತಬೇಕು. ನ್ಯೂಟ್ರಲಿಗೆ ಹಾಕಿ ಎರಡು ಸಲ. ಮತ್ತೆ ಪಾರ್ಕಿಗೆ ತಂದು ಎರಡು ಸಲ. ಎಲ್ಲ 60 ಸೆಕೆಂಡಿನೊಳಗೆ ಮುಗಿದು, ಆಮೇಲೆ ಬ್ರೇಕ್ ತುಳಿದು ಸ್ಟಾರ್ಟ್ ಮಾಡಬೇಕು. ಕ್ರಮ ತಪ್ಪಿದರೆ ಮೊದಲಿಂದ. ನಾನು ಮೊಬೈಲಿನಲ್ಲಿ ಗಡಿಯಾರ ಹಿಡಿದು "ಪಾರ್ಕ್, ಒಂದು, ಎರಡು, ನ್ಯೂಟ್ರಲ್, ಒಂದು, ಎರಡು" ಎಂದು ಗಟ್ಟಿಯಾಗಿ ಹೇಳುತ್ತ ಮಾಡುತ್ತಿದ್ದರೆ, ಅತ್ತೆಯವರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೈಮುಗಿದರು. ಸಂಧ್ಯಾವಂದನೆಗೆ ಕೂತವನ ಆಚಮನ ಎಂದೇ ಅವರು ತಿಳಿದಿದ್ದರು. ಎಂಜಿನ್ ಹೊತ್ತಿಕೊಂಡು ಹಾಗೆಯೇ ಓಡತೊಡಗಿತು, ಜೊತೆಗೆ ಎಚ್ಚರಿಕೆಯ ದೀಪವೊಂದು ಮಿನುಗತೊಡಗಿತು. ಆ ವಿಧಿ ನಡೆಯುವಾಗ ಅದು ಮಿನುಗಬೇಕಾದದ್ದೇ. ನನಗೆ ಗೊತ್ತಿರಲಿಲ್ಲ. ಕಾರಿನಿಂದ ಹಾರಿ ಇಳಿದು ರಸ್ತೆಗೆ ಓಡಿದ್ದನ್ನು ಎದುರುಮನೆಯವರ ಕ್ಯಾಮೆರಾ ದಾಖಲಿಸಿದೆ.

ಹಳದಿ ದೀಪ ಆರಿತ್ತು. ಗಣಪನನ್ನು ಮತ್ತೆ ನಡುವಿಗೆ ತಂದು ಕೂರಿಸಿದೆ. ಆ ರಾತ್ರಿ ಎಲ್ಲ ಮಲಗಿದ ಮೇಲೆ ಮಾವನವರು ಬಂದು ನನ್ನ ಕೋಣೆಯ ಬಾಗಿಲು ತಟ್ಟಿದರು.

"ಅಳಿಯಂದ್ರೇ, ನಿಮ್ಮ ಕಾರು ಕನವರಿಸ್ತಿದೆ."

ಹೋಗಿ ಕೇಳಿದೆ. ನಿಜ. ಕತ್ತಲ ಗ್ಯಾರೇಜಿನಲ್ಲಿ, ಬೀಗ ಹಾಕಿದ ಕಾರಿನ ಹಿಂಭಾಗದಿಂದ ಗೊರ್ರೆಂಬ ಸದ್ದು. ಇಬ್ಬರೂ ಬನಿಯನ್ನಿನಲ್ಲಿ ನಿಂತು ಅದರ ಗುಟುಕು ಗುಟುಕಿಗೂ ತಲೆದೂಗಿದೆವು. ಎಲ್ಲಿ ಗಾಳಿ ಉಳಿಯಿತು, ಯಾವ ಹೋಸು ಬಿಟ್ಟಿತು ಎಂದು ಟಾರ್ಚು ಹಾಕಿ ಹುಡುಕಿದೆವು. ಕಾರಿಗೆ ಏನೂ ಆಗಿರಲಿಲ್ಲ. ಆಫ್ ಮಾಡಿ ಸುಮಾರು ಐದು ಗಂಟೆಯಾದ ಮೇಲೆ, ಪೆಟ್ರೋಲ್ ಟ್ಯಾಂಕಿನಿಂದ ಆವಿ ಸೋರುತ್ತಿದೆಯೇ ಎಂದು ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅಷ್ಟು ವರ್ಷದಿಂದ ಪ್ರತಿ ರಾತ್ರಿಯೂ ಪರೀಕ್ಷಿಸಿಕೊಳ್ಳುತ್ತಿತ್ತೋ ಏನೋ. ನಾವು ಎದ್ದು ಕೇಳಿದ್ದು ಅದೇ ಮೊದಲು.

ಸ್ಮಾಗ್ ಪರೀಕ್ಷೆಗೆ ಎದೆಯುಬ್ಬಿಸಿ ಹೋದೆ. ವೈರು ಚುಚ್ಚಿದವನು ಪರದೆ ನೋಡಿ ತಲೆಯಾಡಿಸಿದ. ದೀಪ ಇಲ್ಲ, ಸರಿ. ಆದರೆ ಬ್ಯಾಟರಿ ಕಳಚಿದ್ದರಿಂದ ಕಾರಿನ ಕಂಪ್ಯೂಟರಿನ ನೆನಪೆಲ್ಲ ಅಳಿಸಿಹೋಗಿ, ಒಳಗಿನ ಸ್ವಯಂಪರೀಕ್ಷೆಗಳು ಒಂದೂ ಮುಗಿದಿಲ್ಲವಂತೆ. ಆವಿಯದೊಂದು ಬಾಕಿಯಿದ್ದರೆ ನಡೆಯುತ್ತದೆ, ಮಿಕ್ಕದ್ದೆಲ್ಲ ಪೂರ್ತಿಯಾಗಬೇಕು. ಅಂದರೆ ಮಧ್ಯರಾತ್ರಿ ನಮ್ಮ ನಿದ್ದೆ ಕೆಡಿಸಿದ ಆ ಪರೀಕ್ಷೆಯೊಂದೇ ಲೆಕ್ಕಕ್ಕೆ ಬಾರದ್ದು. "ಓಡಿಸಿಕೊಂಡು ಬಾ. ಹೈವೇಯಲ್ಲಿ ಒಂದೇ ವೇಗದಲ್ಲಿ, ಊರಲ್ಲಿ ನಿಂತು ನಿಂತು" ಎಂದು ಕಳಿಸಿದ.

ಬೇ ಏರಿಯಾದ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕಾದರೆ ಆ ವೇಗ ಸೊನ್ನೆಯಾಗಿರಬೇಕು. ಭಾನುವಾರ ನಸುಕಿಗೆ ಎದ್ದು ಅತ್ತೆ ಮಾವಂದಿರನ್ನು ಕೂರಿಸಿಕೊಂಡು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೊರಟೆ. 680 ಹೈವೇಯಲ್ಲಿ ಸುನೋಲ್ ಗ್ರೇಡ್ ಹತ್ತುವಾಗ, ಇದು ನಮ್ಮ ಕಡೆಯ ಘಾಟಿ ಎಂದು ಮಾವನವರಿಗೆ ತೋರಿಸಿದೆ. ಅವರು ಕಿಟಕಿಯಿಂದ ಆಚೆ ನೋಡುತ್ತ, "ಎಲ್ಲಿ?" ಅಂದರು. ದೇವಸ್ಥಾನದಲ್ಲಿ ಅತ್ತೆಯವರು ಕಾರಿಗೂ ಒಂದು ಅರ್ಚನೆ ಮಾಡಿಸಿದರು. ನಕ್ಷತ್ರ ಕೇಳಿದಾಗ ನನ್ನದನ್ನೇ ಹೇಳಿದರು. ವಾಪಸ್ಸು ಬರುವ ಹೊತ್ತಿಗೆ ಎಲ್ಲ ಪರೀಕ್ಷೆಗಳೂ ಮುಗಿದಿದ್ದವು. ಇದರಲ್ಲಿ ಹೈವೇಯ ಪಾಲೆಷ್ಟು, ಅರ್ಚನೆಯ ಪಾಲೆಷ್ಟು ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕಾರು ಪಾಸಾಯಿತು.

ಈ ಸುದ್ದಿ ಕನ್ನಡ ಕೂಟದ ಗೆಳೆಯರ ನಡುವೆ ಹರಡಿತು. ಹರಡಿದವನು ನಾನೇ, ಕೆಲವು ವಿವರ ಬಿಟ್ಟು. ಒಂದು ಸಂಜೆ ಗೆಳೆಯನೊಬ್ಬ ಕಾಫಿಗೆ ಬಂದ. ಬಂದದ್ದು ಮಾಡೆಲ್ ವೈಯಲ್ಲಿ, ನಮ್ಮೂರಿನ ಟೆಸ್ಲಾ ಕಾರ್ಖಾನೆಯಲ್ಲೇ ತಯಾರಾದದ್ದು. ಮೂರು ದಾರಿಯ ವಾಲ್ವಿನ ಕಥೆ ಕೇಳಿ ಬಹಳ ನಕ್ಕ. "ಮೂರಾ? 2020ರಲ್ಲಿ ಈ ಗಾಡಿ ಬಂದಾಗಲೇ ಇದರಲ್ಲಿ ಎಂಟು ಬಾಯಿಯ ವಾಲ್ವ್. ಆಕ್ಟೋವಾಲ್ವ್ ಅಂತಾರೆ. ಬ್ಯಾಟರಿ, ಮೋಟಾರು, ಕ್ಯಾಬಿನ್ನು, ಎಲ್ಲದರ ಬಿಸಿ ತಂಪನ್ನೂ ಅದೊಂದೇ ಹಂಚುತ್ತೆ."

ಮಾವನವರು ಲೋಟ ಕೆಳಗಿಟ್ಟರು. "ಎಂಟೇ?" ಎಂದು ಕೇಳಿ, ಎದ್ದು ಹೋಗಿ ಮಡಚುವ ಕುರ್ಚಿ ತಂದು ಆ ಕಾರಿನ ಮೂತಿಯ ಎದುರು ಬಿಡಿಸಿ ಕೂತರು. "ಬಾನೆಟ್ ತೆಗೀರಿ, ನೋಡೋಣ. ಸ್ಕ್ರೂ ಎಲ್ಲಿ ಕೊಟ್ಟಿದ್ದಾರೆ?"

ಗೆಳೆಯ ನನ್ನ ಮುಖ ನೋಡಿದ. ನಾನು ಟಾರ್ಚು ತರಲು ಒಳಗೆ ಹೋದೆ. ಅಡುಗೆಮನೆಯಲ್ಲಿ ನನ್ನಾಕೆ ಸ್ಟೂಲು ಹತ್ತಿ ನಿಂತು, ಉಳಿದ ಡಬರಿಗಳನ್ನೆಲ್ಲ ಒಂದೊಂದಾಗಿ ನನ್ನ ಕೈಗೆಟುಕದ ಮೇಲಿನ ಕಪಾಟಿಗೆ ಸೇರಿಸುತ್ತಿದ್ದಳು.